ಗೋಧಿ ಕಾಳಿನ ಸತ್ವ: ಗೊಬ್ಬರ ಎಷ್ಟು, ನೀರು ಯಾವಾಗ

ರವೆ, ಶ್ಯಾವಿಗೆಗೆ ಬಳಸುವ ಗಟ್ಟಿ ಗೋಧಿಯ ಒಳ್ಳೆಯ ಕಾಳನ್ನು ಕತ್ತರಿಸಿದರೆ ಒಳಭಾಗ ಅರೆಪಾರದರ್ಶಕವಾಗಿ ಹೊಳೆಯುತ್ತದೆ. ಅದೇ ತಳಿಯ ಕೆಲವು ಕಾಳುಗಳ ಮೈಮೇಲೆ ಮಾತ್ರ ಹಳದಿ ಮಚ್ಚೆ, ಒಳಗೆ ಸುಣ್ಣದಂತೆ ಬೆಳ್ಳಗೆ ಪುಡಿಪುಡಿ. ಇದು ರೋಗವಲ್ಲ, ಹುಳದ ಕಾಟವೂ ಅಲ್ಲ. ಕಾಳು ತುಂಬುವ ಹೊತ್ತಿಗೆ ಬೆಳೆಗೆ ಸಾರಜನಕ ಸಾಲದೆ ಹೋದದ್ದರ ಗುರುತು. ನೀರು ಧಾರಾಳವಾಗಿ ಹಾಯಿಸಿ ಗೊಬ್ಬರದಲ್ಲಿ ಹಿಡಿತ ಮಾಡಿದ ಹೊಲದಲ್ಲಿ ಇಂಥ ಕಾಳು ಹೆಚ್ಚು.

ಕಾರಣ ಕಾಳು ತುಂಬುವ ರೀತಿಯಲ್ಲಿದೆ. ಪಿಷ್ಟಕ್ಕೆ ಬೇಕಾದ ಸಕ್ಕರೆಯನ್ನು ಹಸಿರೆಲೆ ಬಹುಮಟ್ಟಿಗೆ ಕಾಳು ತುಂಬುವ ಹೊತ್ತಿನಲ್ಲೇ ತಯಾರಿಸುತ್ತದೆ. ಪ್ರೋಟೀನಿಗೆ ಬೇಕಾದ ಸಾರಜನಕದ ದೊಡ್ಡ ಪಾಲು ಹೂ ಬಿಡುವ ಮೊದಲೇ ಎಲೆ, ಕಾಂಡದಲ್ಲಿ ಸೇರಿಕೊಂಡಿರುತ್ತದೆ. ತೆನೆ ಮಾಗುವಾಗ ಅಲ್ಲಿಂದ ಹೊರಟು ಕಾಳಿಗೆ ಬರುತ್ತದೆ. ನೀರು ಸಿಕ್ಕಷ್ಟು ದಿನ ಎಲೆ ಹಸಿರಾಗಿದ್ದು ಪಿಷ್ಟ ತುಂಬುತ್ತಲೇ ಹೋಗುತ್ತದೆ. ಸಾರಜನಕದ ದಾಸ್ತಾನು ಮಾತ್ರ ಇದ್ದಷ್ಟೇ. ಕಾಳು ದಪ್ಪವಾಗುತ್ತದೆ, ಪ್ರೋಟೀನಿನ ಪ್ರಮಾಣ ಇಳಿಯುತ್ತದೆ.

ನೀರು ಕಡಿಮೆಯಾದರೆ ಇದರ ತಿರುವುಮುರುವು. ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಹಿಂಗಾರಿ ಗೋಧಿ ಮಣ್ಣಿನಲ್ಲಿ ಉಳಿದ ತೇವದ ಮೇಲೇ ಬೆಳೆಯುತ್ತದೆ. ಕೊನೆಗೆ ತೇವ ಆರಿದಾಗ ಪಿಷ್ಟ ತುಂಬುವುದು ಬೇಗ ನಿಲ್ಲುತ್ತದೆ, ಪ್ರೋಟೀನಿನ ಶೇಕಡಾ ಪಾಲು ಏರುತ್ತದೆ. ಆದರೆ ಶೇಕಡಾವಾರು ಲೆಕ್ಕವೊಂದನ್ನೇ ನಂಬಬಾರದು. ಕಾಳು ಮುರುಟಿ ಇಳುವರಿ ಕುಸಿದರೆ ಎಕರೆಗೆ ಸಿಗುವ ಒಟ್ಟು ಪ್ರೋಟೀನ್ ಕಡಿಮೆಯೇ.

ಯೂರಿಯಾ ಕೊಡುವ ಹೊತ್ತೂ ಮುಖ್ಯ. ಬಿತ್ತಿದ ಸುಮಾರು 21ನೇ ದಿನ, ಕಿರೀಟ ಬೇರು ಮೂಡುವಾಗಿನ ನೀರಿನೊಂದಿಗೆ ಕೊಟ್ಟ ಮೇಲುಗೊಬ್ಬರ ತೆಂಡೆ ಹೆಚ್ಚಿಸಿ ಇಳುವರಿ ಕೂಡಿಸುತ್ತದೆ. ಹೂ ಬಿಡುವ ಆಸುಪಾಸಿನಲ್ಲಿ ಕೊಟ್ಟದ್ದು ಹೆಚ್ಚಾಗಿ ಕಾಳಿನ ಪ್ರೋಟೀನಿಗೆ ಸೇರುತ್ತದೆ. ಆಗ ಗ್ಲುಟೆನ್ ಹೆಚ್ಚಿ ಹಿಟ್ಟಿಗೆ ಜಿಗಿ ಬರುತ್ತದೆ, ನಿಜ. ಆದರೆ ಗೋಧಿಯಲ್ಲಿ ಮೊದಲೇ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಎಷ್ಟು ಯೂರಿಯಾ ಸುರಿದರೂ ಆ ಕೊರತೆ ತುಂಬಲು ಚಪಾತಿಯ ಜೊತೆ ಬೇಳೆ ಬೇಕೇ ಬೇಕು.

ನನಗೆ ಹೆಚ್ಚು ಕಳವಳ ಸತುವಿನದು. ಮಕ್ಕಳ ಬೆಳವಣಿಗೆಗೂ ರೋಗ ತಡೆಯುವ ಶಕ್ತಿಗೂ ಬೇಕಾದ ಈ ಖನಿಜವನ್ನು ರಂಜಕದ ಅತಿಬಳಕೆ ಎರಡು ಕಡೆಯಿಂದ ಕಸಿಯುತ್ತದೆ. ರಂಜಕ ಹೆಚ್ಚಾದರೆ ಬೇರಿನೊಡನೆ ಬಾಳುತ್ತಾ ಸತುವನ್ನು ಒದಗಿಸುವ ಶಿಲೀಂಧ್ರಗಳು ಕ್ಷೀಣಿಸುತ್ತವೆ. ಕಾಳಿನ ಹೊರಪದರದಲ್ಲಿ ರಂಜಕ ಫೈಟಿಕ್ ಆಮ್ಲವಾಗಿ ಕೂತು, ಇದ್ದಬದ್ದ ಸತುವನ್ನೂ ಕಬ್ಬಿಣವನ್ನೂ ನಮ್ಮ ಕರುಳು ಹೀರಿಕೊಳ್ಳದಂತೆ ಹಿಡಿದಿಡುತ್ತದೆ.

ಟರ್ಕಿಯ ಮಧ್ಯ ಅನಟೋಲಿಯಾದ ಗೋಧಿ ನೆಲದಲ್ಲಿ ಸತು ತೀರಾ ಕಡಿಮೆ. 1990ರ ದಶಕದಲ್ಲಿ ವಿಜ್ಞಾನಿ ಇಸ್ಮಾಯಿಲ್ ಚಕ್ಮಕ್ ಮತ್ತು ಸಂಗಡಿಗರು ಇದನ್ನು ತೋರಿಸಿದ ಮೇಲೆ ಅಲ್ಲಿ ಸತು ಬೆರೆಸಿದ ಗೊಬ್ಬರ ಬಳಕೆಗೆ ಬಂತು, ಇಳುವರಿಯೂ ಏರಿತು. ಮುಂದೆ ಭಾರತವೂ ಸೇರಿ ಏಳು ದೇಶಗಳಲ್ಲಿ ಪ್ರಯೋಗ ನಡೆಯಿತು. ಮಣ್ಣಿಗೆ ಹಾಕಿದ ಸತು ಕಾಳಿಗೆ ಸೇರಿದ್ದು ಅಲ್ಪ. ಎಲೆಗಳ ಮೇಲೆ ಸಿಂಪಡಿಸಿದಾಗ ಕಾಳಿನ ಸತು ಕಿಲೋಗೆ ಸರಾಸರಿ 27 ಮಿಲಿಗ್ರಾಮಿನಿಂದ 48ಕ್ಕೆ ಏರಿತು. ಲೀಟರ್ ನೀರಿಗೆ ಸುಮಾರು 5 ಗ್ರಾಂ ಸತುವಿನ ಸಲ್ಫೇಟ್ ಬೆರೆಸಿ, ಕಾಳು ಹಾಲುಗಟ್ಟುವ ಹಂತದಲ್ಲಿ ಸಿಂಪಡಿಸಿದರೆ ಫಲ ಹೆಚ್ಚು. ಸಾರಜನಕವೂ ಸಾಕಷ್ಟಿರಬೇಕು, ಪ್ರೋಟೀನ್ ಕಡಿಮೆಯಾದ ಕಾಳಿನಲ್ಲಿ ಸತುವೂ ಚೆನ್ನಾಗಿ ಶೇಖರವಾಗದು.

ನಮ್ಮಲ್ಲಿ ಬೆಂಬಲ ಬೆಲೆಗೆ ಗೋಧಿ ಕೊಳ್ಳುವಾಗ ತೇವಾಂಶ, ಕಸಕಡ್ಡಿ, ಮುರುಟು ಕಾಳು ನೋಡುತ್ತಾರೆ. ಪ್ರೋಟೀನ್, ಸತು ಲೆಕ್ಕಕ್ಕಿಲ್ಲ. ಹೀಗಿರುವಾಗ ಇಳುವರಿ ಹೆಚ್ಚಿಸದ ಸಿಂಪರಣೆಗೆ ರೈತ ಕೈಯಿಂದ ಹಣ ಹಾಕಬೇಕೆಂದು ಹೇಳುವುದು ಅನ್ಯಾಯ. ಮಣ್ಣು ಪರೀಕ್ಷೆಯಲ್ಲಿ ಸತುವಿನ ಕೊರತೆ ಕಂಡ ಊರುಗಳಲ್ಲಾದರೂ ಆ ಖರ್ಚನ್ನು ಸರ್ಕಾರ ಹೊರಬೇಕು, ಸತ್ವವುಳ್ಳ ಕಾಳಿಗೆ ನಾಲ್ಕು ಕಾಸು ಹೆಚ್ಚು ಕೊಡಬೇಕು.