ಕಾಡನ್ನು ಬಲ್ಲವರನ್ನು ನಮ್ಮ ಮಕ್ಕಳು ಅರಿಯಲಿ

ಗಿಡ ನೆಡುವುದು ಸದಖಾ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ನೆಟ್ಟವನಿಗೆ ದಾನದ ಪುಣ್ಯ ಸಲ್ಲುತ್ತದೆ ಎಂಬ ಆಶಯದ ಪ್ರವಾದಿ(ಸ)ರ ವಚನವನ್ನು ಮದ್ರಸಾದ ಚಿಕ್ಕ ಮಕ್ಕಳೂ ಕೇಳಿರುತ್ತಾರೆ. ಜೂನ್ 5ರಂದು ಶಾಲೆಯಲ್ಲಿ ಪರಿಸರ ದಿನವನ್ನೂ ಆಚರಿಸುತ್ತಾರೆ. ಇವೆಲ್ಲ ಒಳ್ಳೆಯದೇ. ಆದರೆ ಈ ಪಾಠದಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗುತ್ತದೆ. ನಾವು ಗಿಡ ನೆಡುವುದಕ್ಕೆ ಬಹಳ ಮೊದಲೇ ಈ ನಾಡಿನಲ್ಲಿ ಕಾಡಿತ್ತು, ಆ ಕಾಡಿನಲ್ಲಿ ಜನರಿದ್ದರು. ಅವರು ಅದನ್ನು ಬಳಸಿದರು, ಉಳಿಸಿದರು. ಆ ಜನರನ್ನು ಗೌರವಿಸದೆ ಕಾಡನ್ನಷ್ಟೇ ಪ್ರೀತಿಸಲು ಕಲಿಸಿದರೆ ಆ ಪಾಠ ಅರ್ಧವೇ.

ಕರ್ನಾಟಕದಲ್ಲಿ ಸೋಲಿಗರು, ಜೇನುಕುರುಬರು, ಕೊರಗರು, ಹಸಲರು ಮುಂತಾದ ಅನೇಕ ಬುಡಕಟ್ಟುಗಳಿವೆ. ಇಲ್ಲಿ ಸೋಲಿಗರ ಉದಾಹರಣೆಯನ್ನು ತೆಗೆದುಕೊಳ್ಳೋಣ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸುತ್ತ ಇವರ ವಾಸ. ಇವರ ಹಾಡಿಗಳಿಗೆ ಪೋಡು ಎನ್ನುತ್ತಾರೆ. ತಾವು ಬಿದಿರಿನಿಂದ ಬಂದವರ ಮಕ್ಕಳು ಎಂಬುದು ಅವರ ಹಿರಿಯರ ಕಥೆ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ ಇದೆ. ಯಾವ ಬಂಡೆ, ಯಾವ ಹಳ್ಳ, ಯಾವ ಮರ ಯಾರ ಪಾಲಿನದು ಎಂಬುದು ಬಾಯಿಂದ ಬಾಯಿಗೆ ಉಳಿದುಬಂದಿದೆ.

ಈ ಜನರ ತಿಳಿವಳಿಕೆ ಎಂಥದ್ದು ಎಂಬುದಕ್ಕೆ ಲಂಟಾನ ಗಿಡದ ಕಥೆ ಸಾಕು. ರಸ್ತೆಬದಿಯಲ್ಲಿ ಬಣ್ಣಬಣ್ಣದ ಹೂಗೊಂಚಲು ಬಿಡುವ ಈ ಮುಳ್ಳುಪೊದೆ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದ ಉಷ್ಣ ಪ್ರದೇಶದ ಗಿಡವನ್ನು ಸುಮಾರು 200 ವರ್ಷಗಳ ಹಿಂದೆ ತೋಟದ ಅಲಂಕಾರಕ್ಕೆಂದು ತರಲಾಯಿತು. ಅದು ತೋಟದ ಬೇಲಿ ದಾಟಿ ಕಾಡಿಗೆ ನುಗ್ಗಿತು. ಬಿಳಿಗಿರಿಯ ಕಾಡಿನಲ್ಲಿ 1997ರಲ್ಲಿ ಸಮೀಕ್ಷೆ ಮಾಡಿದ ತಾಣಗಳ ಪೈಕಿ ಅರ್ಧಕ್ಕಿಂತ ಕಡಿಮೆ ಕಡೆಗಳಲ್ಲಿ ಇದ್ದ ಲಂಟಾನ, 2008ರ ಹೊತ್ತಿಗೆ ಐದರಲ್ಲಿ ನಾಲ್ಕು ಕಡೆ ಹಬ್ಬಿತ್ತು. ಅದರ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ, ಸಸಿ ಮೇಲೇಳುವುದು ಕಷ್ಟ. ಹುಲ್ಲಿಲ್ಲದಿದ್ದರೆ ಜಿಂಕೆ, ಕಡವೆಗಳಿಗೆ ಮೇವಿಲ್ಲ.

ಇದು ಏಕೆ ಹೀಗಾಯಿತು? ಸೋಲಿಗ ಹಿರಿಯರ ಉತ್ತರ ಸ್ಪಷ್ಟವಾಗಿತ್ತು. ಹಿಂದೆ ಅವರು ಬೇಸಿಗೆ ಏರುವ ಮೊದಲೇ, ನೆಲದಲ್ಲಿ ಇನ್ನೂ ತೇವವಿರುವಾಗ, ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ಮರವನ್ನು ಸುಡದೆ ನೆಲದ ಮೇಲಷ್ಟೇ ಹರಿದು ಆರುತ್ತಿತ್ತು. ಲಂಟಾನದ ಎಳೆ ಸಸಿಗಳು ಅದರಲ್ಲಿ ಸಾಯುತ್ತಿದ್ದವು. ನೆಲ್ಲಿ ಮರಗಳನ್ನು ಹೀರುವ ಬಂದಳಿಕೆಯೂ ಹಿಡಿತದಲ್ಲಿತ್ತು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು, ಬಂದಳಿಕೆಯೂ ಲಂಟಾನವೂ ಹೆಚ್ಚಿದವು ಎಂಬುದು ಅವರ ವಿವರಣೆ. ಪರಿಸರ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ಕೇಳಿ, ದಾಖಲಿಸಿ, ಸಂಶೋಧನಾ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ಕಾಡಿಗೆ ಬೆಂಕಿ ಹಾಕುವುದು ಇಂದು ಅಪರಾಧ, ಅದನ್ನು ಮಕ್ಕಳಿಗೂ ಹೇಳಲೇಬೇಕು. ಆದರೆ ಯಾವ ಬೆಂಕಿ ಕೊಲ್ಲುತ್ತದೆ, ಯಾವುದು ಕಾಯುತ್ತದೆ ಎಂಬ ಭೇದ ಬಲ್ಲವರು ಅಲ್ಲಿದ್ದರು ಎಂಬುದೂ ಅವರಿಗೆ ತಿಳಿಯಲಿ.

ಜೇನಿನ ವಿಷಯವನ್ನೂ ನೋಡೋಣ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ ಜೇನುನೊಣದ ಹೆಸರೇ ಇದೆ. ಬೆಟ್ಟಗಳಲ್ಲಿ, ಮರಗಳಲ್ಲಿ ಗೂಡು ಕಟ್ಟುವಂತೆ ಅಲ್ಲಾಹನು ಅದಕ್ಕೆ ಪ್ರೇರಣೆ ನೀಡಿದನೆಂದೂ ಅದರ ಹೊಟ್ಟೆಯಿಂದ ಬರುವ ಪಾನೀಯದಲ್ಲಿ ಜನರಿಗೆ ಶಮನವಿದೆಯೆಂದೂ ಆ ಸೂರಃ ಅನ್ನಹ್ಲ್‌ನಲ್ಲಿ ತಿಳಿಸಲಾಗಿದೆ. ನಮ್ಮ ಮನೆಗಳಲ್ಲಿ ಜೇನಿಗೆ ವಿಶೇಷ ಸ್ಥಾನವಿರುವುದು ಇದರಿಂದಲೇ. ಆದರೆ ಬಾಟಲಿಯಲ್ಲಿರುವ ಕಾಡುಜೇನು ಹೇಗೆ ಬಂತು ಎಂದು ಮಕ್ಕಳನ್ನು ಕೇಳಿದರೆ ಅಂಗಡಿಯ ಹೆಸರು ಹೇಳುತ್ತಾರೆ. ಎತ್ತರದ ಮರವನ್ನೋ ಕಡಿದಾದ ಬಂಡೆಯನ್ನೋ ಏರಿ, ಹೆಜ್ಜೇನಿನ ಹುಟ್ಟಿಗೆ ಕೈ ಹಾಕುವವನು ಜೀವವನ್ನೇ ಪಣಕ್ಕಿಟ್ಟಿರುತ್ತಾನೆ. ಹುಟ್ಟನ್ನು ಪೂರ್ತಿ ಕೀಳದೆ ಒಂದು ಪಾಲನ್ನು ನೊಣಗಳಿಗೆ ಬಿಟ್ಟು ಬರುವುದು ಸೋಲಿಗರ ರೂಢಿ. ನೆಲ್ಲಿಕಾಯಿ ಕೊಯ್ಯುವಾಗಲೂ ಪ್ರಾಣಿಗಳಿಗೆಂದು, ಬೀಜಕ್ಕೆಂದು ಒಂದಷ್ಟು ಉಳಿಸುತ್ತಾರೆ. ದುಂದು ಮಾಡಬೇಡಿ ಎಂಬ ಆಜ್ಞೆಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಹೆಸರನ್ನು ಮಕ್ಕಳು ಪತ್ರಿಕೆಯಲ್ಲಿ ಓದಿರಬಹುದು. ಹಾಲಕ್ಕಿ ಸಮುದಾಯದ ಈ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. 2020ರ ಪದ್ಮಶ್ರೀ ಪ್ರಶಸ್ತಿ ಪಡೆಯಲು ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋದರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಪುಸ್ತಕದಲ್ಲಿಲ್ಲದ ವಿದ್ಯೆಯೂ ವಿದ್ಯೆಯೇ ಎಂದು ಮಕ್ಕಳಿಗೆ ಹೇಳಲು ಈ ಒಂದು ಬದುಕು ಸಾಕು.

ಇಲ್ಲಿ ಕೆಲವು ಹೆತ್ತವರ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ಬುಡಕಟ್ಟು ಜನರು ಮರವನ್ನು, ಬೆಟ್ಟವನ್ನು ಪೂಜಿಸುತ್ತಾರಲ್ಲ, ಅವರ ಪರಂಪರೆಯನ್ನು ಮಕ್ಕಳಿಗೆ ತೋರಿಸಿದರೆ ತೌಹೀದಿನ ಪಾಠ ಸಡಿಲವಾಗುವುದಿಲ್ಲವೇ?

ಹಿಜ್ರತ್‌ನ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ. ಮಕ್ಕಾದ ಜನರು ಪ್ರವಾದಿ(ಸ)ರ ಜೀವಕ್ಕೆ ಹೊಂಚು ಹಾಕಿದ್ದ ಆ ರಾತ್ರಿಗಳಲ್ಲಿ, ಪ್ರವಾದಿ(ಸ) ಮತ್ತು ಹ. ಅಬೂಬಕ್ಕರ್(ರ) ದಾರಿ ತೋರಿಸಲು ಅಬ್ದುಲ್ಲಾಹ್ ಬಿನ್ ಉರೈಖಿತ್ ಎಂಬವರನ್ನು ನೇಮಿಸಿಕೊಂಡರು. ಅವರು ಆಗ ಮುಸ್ಲಿಮರಾಗಿರಲಿಲ್ಲ, ಕುರೈಶರ ಧರ್ಮದಲ್ಲೇ ಇದ್ದರು. ಆದರೆ ಮರುಭೂಮಿಯ ಹಾದಿಯನ್ನು ಬಲ್ಲವರಾಗಿದ್ದರು, ನಂಬಿಕೆಗೆ ಅರ್ಹರಾಗಿದ್ದರು. ತಮ್ಮ ಒಂಟೆಗಳನ್ನು ಅವರ ಕೈಗೊಪ್ಪಿಸಿ, ಮೂರು ರಾತ್ರಿಗಳ ಬಳಿಕ ಸೌರ್ ಗುಹೆಯ ಬಳಿ ಬರಲು ಹೇಳಿದರು. ಅವರು ಮಾತಿನಂತೆ ಬಂದರು, ಕರಾವಳಿಯ ಹಾದಿಯಾಗಿ ಕರೆದೊಯ್ದರು. ಇದು ಬುಖಾರಿಯಲ್ಲಿ ದಾಖಲಾಗಿದೆ. ನೆಲವನ್ನು ಬಲ್ಲವನ ಅರಿವನ್ನು ಗೌರವಿಸುವುದೇ ಬೇರೆ, ಅವನ ಆರಾಧನೆಯಲ್ಲಿ ಪಾಲುಗೊಳ್ಳುವುದೇ ಬೇರೆ. ಮಕ್ಕಳಿಗೆ ಈ ವ್ಯತ್ಯಾಸವನ್ನು ನಾವೇ ತಿಳಿಸಬೇಕು. ಜನಾಂಗಗಳನ್ನೂ ಗೋತ್ರಗಳನ್ನೂ ಮಾಡಿರುವುದು ಪರಸ್ಪರ ಅರಿಯಲಿಕ್ಕಾಗಿ ಎಂದು ಸೂರಃ ಅಲ್‌ಹುಜುರಾತ್ ತಿಳಿಸುತ್ತದೆ. ಇನ್ನೊಬ್ಬರನ್ನು ಗೇಲಿ ಮಾಡಬೇಡಿ ಎಂಬ ಆದೇಶವೂ ಅದೇ ಸೂರಃದಲ್ಲಿದೆ.

ನ್ಯಾಯದ ಮಾತನ್ನೂ ಮಕ್ಕಳಿಗೆ ಹೇಳಬೇಕು. ಕಾಡನ್ನು ರಕ್ಷಿಸುವ ಹೆಸರಿನಲ್ಲಿ ಅನೇಕ ಸೋಲಿಗ ಕುಟುಂಬಗಳನ್ನು ಒಳಗಿನ ಪೋಡುಗಳಿಂದ ಹೊರತಂದು ಬೇರೆಡೆ ನೆಲೆಗೊಳಿಸಲಾಯಿತು. ಅರಣ್ಯವಾಸಿಗಳಿಗೆ ಐತಿಹಾಸಿಕವಾಗಿ ಅನ್ಯಾಯವಾಗಿದೆ ಎಂದು 2006ರ ಅರಣ್ಯ ಹಕ್ಕು ಕಾಯ್ದೆಯೇ ಒಪ್ಪಿಕೊಂಡಿದೆ. 2011ರಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿಯೂ ಉಳಿಯಬೇಕು, ಸೋಲಿಗನೂ ಉಳಿಯಬೇಕು ಎಂಬುದೇ ಸಮತೋಲನ. ಸೂರಃ ಅರ್ರಹ್ಮಾನ್ ಕಲಿಸುವ ಮೀಝಾನ್ ತಕ್ಕಡಿಗಷ್ಟೇ ಸೀಮಿತವಲ್ಲ.

ಹಾಗಾದರೆ ಮನೆಯಲ್ಲಿ ನಾವು ಏನು ಮಾಡಬಹುದು?

ಮೊದಲನೆಯದು ಮಾತು. ಗಲಾಟೆ ಮಾಡುವ ಮಗುವಿಗೆ ‘ಕಾಡುಮನುಷ್ಯ’ ಎಂದು ಬೈಯುವುದನ್ನು ಬಿಡೋಣ. ಮಗು ಆ ಬೈಗುಳದಿಂದಲೇ ಒಂದು ಸಮುದಾಯದ ಬಗ್ಗೆ ತೀರ್ಪು ಕಲಿಯುತ್ತದೆ.

ಎರಡನೆಯದು ಪ್ರವಾಸ. ರಜೆಯಲ್ಲಿ ಬಿಳಿಗಿರಿ, ನಾಗರಹೊಳೆ, ದಾಂಡೇಲಿಗೆ ಹೋಗುವಾಗ ಅಲ್ಲಿ ಯಾರು ವಾಸಿಸುತ್ತಾರೆ ಎಂದು ಮಕ್ಕಳಿಗೆ ಮೊದಲೇ ಹೇಳೋಣ. ಬಿರಿಯಾನಿ ಕಟ್ಟಿಕೊಂಡು ಹೋದ ಪೊಟ್ಟಣ, ನೀರಿನ ಬಾಟಲಿ ನಮ್ಮ ಜೊತೆಯೇ ಮರಳಿ ಬರಲಿ. ಹಾಡಿಯ ಜನರನ್ನು ಕೇಳದೆ ಅವರ ಫೋಟೋ ತೆಗೆಯುವುದು ಬೇಡ. ಸಲಾಮಿನ ಸಂಸ್ಕಾರ ಕಲಿತ ಮಗು, ಅಲ್ಲಿನ ಹಿರಿಯರ ಬಳಿ ನಿಂತು ಒಂದು ಮರದ ಹೆಸರು ಕೇಳಲಿ.

ಮೂರನೆಯದು ಖರೀದಿ. ಸಾಧ್ಯವಾದಾಗ ಜೇನು, ಸೀಗೆ, ನೆಲ್ಲಿಯನ್ನು ಬುಡಕಟ್ಟು ಜನರ ಸಹಕಾರ ಸಂಘಗಳಿಂದಲೇ ಕೊಳ್ಳೋಣ. ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು ಅದೇ ಲಂಟಾನದ ಕಡ್ಡಿಗಳಿಂದ ಕುರ್ಚಿ, ಮೇಜು ಮಾಡುತ್ತಾರೆ. ಅಂಥದ್ದೊಂದು ಮನೆಗೆ ಬಂದರೆ ಅದರ ಹಿಂದಿನ ಕಥೆಯೂ ಮನೆಗೆ ಬರುತ್ತದೆ.

ನಾಲ್ಕನೆಯದು ಹತ್ತಿರದ ನೆಲ. ನಿಮ್ಮ ಬೀದಿಯ, ಮಸೀದಿಯ ಅಂಗಳದ ಹತ್ತು ಮರಗಳ ಕನ್ನಡ ಹೆಸರು ಮಗುವಿಗೆ ಗೊತ್ತಿದೆಯೇ ನೋಡಿ. ಗೊತ್ತಿಲ್ಲದಿದ್ದರೆ ಅಜ್ಜಿಯನ್ನೋ, ಹಳ್ಳಿಯ ಬಂಧುಗಳನ್ನೋ ಕೇಳಲಿ. ಹೆಸರು ಗೊತ್ತಿರುವ ಮರಕ್ಕೆ ಕೊಡಲಿ ಬಿದ್ದರೆ ಮಗುವಿಗೆ ನೋವಾಗುತ್ತದೆ.

ಭೂಮಿ ನಮ್ಮ ಕೈಯಲ್ಲಿರುವ ಅಮಾನತ್. ನಮಗಿಂತ ಮೊದಲು ಅದನ್ನು ಜೋಪಾನ ಮಾಡಿದವರನ್ನು ಗುರುತಿಸಿ ಗೌರವಿಸುವುದು ಕೃತಜ್ಞತೆಯ ಒಂದು ಭಾಗ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಆಶಯದ ಹದೀಸ್ ನಮಗೆ ಗೊತ್ತೇ ಇದೆ. ಈ ಕೃತಜ್ಞತೆಯನ್ನು ನಮ್ಮ ಮಕ್ಕಳ ಹೃದಯದಲ್ಲಿ ಬೆಳೆಸಲು ಅಲ್ಲಾಹನು ನಮಗೆ ತೌಫೀಖ್ ನೀಡಲಿ. ಆಮೀನ್.