450 ಡಾಲರಿನ ಹುದ್ದೆಯಿಂದ ಬೆಳೆದ ತರಬೇತುದಾರರ ಪರಂಪರೆ

ಕಾಲೇಜು ತಂಡವೊಂದು ಪ್ರಶಸ್ತಿ ಗೆದ್ದಾಗ ಪತ್ರಿಕೆಗಳಲ್ಲಿ ಅಚ್ಚಾಗುವುದು ಆಟಗಾರರ ಚಿತ್ರ. ಪಕ್ಕದಲ್ಲಿ ನಿಂತ ತರಬೇತುದಾರರು ಆ ಸ್ಥಾನಕ್ಕೆ ಯಾವ ದಾರಿಯಿಂದ ಬಂದರು, ಅಲ್ಲಿಂದ ಮುಂದೆ ಎಲ್ಲಿಗೆ ಹೋದರು ಎಂದು ವಿಚಾರಿಸುವವರು ವಿರಳ. ಅಮೆರಿಕದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ತರಬೇತಿಯೆಂಬುದು ಇಂದು ದೊಡ್ಡ ಸಂಬಳದ, ದೊಡ್ಡ ಹೆಸರಿನ ವೃತ್ತಿ. ಅಲ್ಲಿನ ಮಹಿಳೆಯರಿಗೆ ಈ ವೃತ್ತಿಯ ಬಾಗಿಲು ತೆರೆದ ಸ್ಥಳಗಳಲ್ಲಿ ಮುಖ್ಯವಾದುದೊಂದು ಧರ್ಮಭಗಿನಿಯರು ನಡೆಸುತ್ತಿದ್ದ ಸಣ್ಣ ಕಥೋಲಿಕ ಕಾಲೇಜು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಆ ಬಾಗಿಲಿನಿಂದ ಹೊರಟವರ ದಾರಿ ಹೇಗಿತ್ತು, ಆ ದಾರಿಗೆ ಹಣ ಬಂದಾಗ ಏನಾಯಿತು ಎಂಬುದು ಹೆಣ್ಣುಮಕ್ಕಳಿರುವ ಎಲ್ಲ ಕುಟುಂಬಗಳೂ ಯೋಚಿಸಬೇಕಾದ ವಿಷಯ.

ಪುರುಷರಿಗೆ ಸಿದ್ಧವಾಗಿದ್ದ ಏಣಿ

ಪುರುಷರ ತಂಡಗಳ ತರಬೇತುದಾರನಾಗಬಯಸುವವನಿಗೆ ಅಮೆರಿಕದಲ್ಲಿ ಒಂದು ಏಣಿ ಬಹುಕಾಲದಿಂದ ಸಿದ್ಧವಾಗಿದೆ. ಮೊದಲು ಪ್ರೌಢಶಾಲೆಯ ತಂಡ, ಇಲ್ಲವೇ ಕಾಲೇಜಿನಲ್ಲಿ ಸಹಾಯಕನ ಕೆಲಸ. ಆಮೇಲೆ ಚಿಕ್ಕ ಕಾಲೇಜೊಂದರ ಮುಖ್ಯಸ್ಥಾನ. ಅಲ್ಲಿ ಗೆದ್ದರೆ ದೊಡ್ಡ ವಿಶ್ವವಿದ್ಯಾನಿಲಯದ ಕರೆ. ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿರುವ, ಅಗಸ್ಟೀನಿಯನ್ ಸಭೆಯ ವಿಲನೋವಾ ವಿಶ್ವವಿದ್ಯಾನಿಲಯವನ್ನೇ ನೋಡೋಣ. ರೋಲಿ ಮಾಸಿಮಿನೊ ಅವರು ಪ್ರೌಢಶಾಲೆಗಳಲ್ಲಿ ತರಬೇತಿ ನೀಡಿ, ಬಳಿಕ ಪೆನ್ ವಿಶ್ವವಿದ್ಯಾನಿಲಯದಲ್ಲಿ ಸಹಾಯಕರಾಗಿದ್ದು, 1973ರಲ್ಲಿ ವಿಲನೋವಾದ ಮುಖ್ಯ ತರಬೇತುದಾರರಾದರು. 1985ರಲ್ಲಿ ಜೆಸ್ವಿತರ ಜಾರ್ಜ್‌ಟೌನ್ ತಂಡವನ್ನು 66-64ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿದರು. ಅವರ ಕೈಕೆಳಗೆ ಸಹಾಯಕರಾಗಿ ಪಳಗಿದ ಜೇ ರೈಟ್ ಅವರು ಹಾಫ್‌ಸ್ಟ್ರಾ ವಿಶ್ವವಿದ್ಯಾನಿಲಯದಲ್ಲಿ ಏಳು ವರ್ಷ ಮುಖ್ಯ ತರಬೇತುದಾರರಾಗಿದ್ದು, 2001ರಲ್ಲಿ ವಿಲನೋವಾಕ್ಕೆ ಮರಳಿದರು. 2016 ಮತ್ತು 2018ರಲ್ಲಿ ಪ್ರಶಸ್ತಿ ಗೆದ್ದು 2022ರಲ್ಲಿ ನಿವೃತ್ತರಾದರು. ಗುರುವಿನಿಂದ ಶಿಷ್ಯನಿಗೆ, ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಸಾಗುವ ಈ ದಾರಿಯಲ್ಲಿ ಶ್ರಮವಿದೆ, ಸೋಲಿನ ಭಯವೂ ಇದೆ. ಆದರೆ ದಾರಿಯಂತೂ ಇದೆ.

1970ರಲ್ಲಿ ಮಹಿಳೆಯರಿಗೆ ಇಂತಹ ಏಣಿಯೇ ಇರಲಿಲ್ಲ. ಹೆಣ್ಣುಮಕ್ಕಳ ತಂಡವನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿ ದೈಹಿಕ ಶಿಕ್ಷಣದ ಅಧ್ಯಾಪಕಿಯ ಹೆಚ್ಚುವರಿ ಕೆಲಸವಾಗಿತ್ತು. ಅದನ್ನೊಂದು ವೃತ್ತಿಯೆಂದು ಎಣಿಸಿದವರು ಕಡಿಮೆ.

ಕನ್ಯಾಮಠದ ಅಂಗಣದಲ್ಲಿ

ವಿಲನೋವಾದಿಂದ ಹೆಚ್ಚು ದೂರವಿಲ್ಲದ ಇಮ್ಯಾಕ್ಯುಲಟಾ ಕಾಲೇಜು 1920ರಲ್ಲಿ ಸ್ಥಾಪನೆಯಾದುದು. ಮರಿಯಮ್ಮನವರ ನಿಷ್ಕಳಂಕ ಹೃದಯದ ಸೇವಕಿಯರ ಸಭೆಯ ಧರ್ಮಭಗಿನಿಯರು ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ವಿದ್ಯಾಸಂಸ್ಥೆ ಅದು. ಅದರ ಒಳಾಂಗಣ ಕ್ರೀಡಾಂಗಣ 1967ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. 1970ರಲ್ಲಿ ಈ ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ಕ್ಯಾಥಿ ರಶ್ ಎಂಬ ಯುವತಿಯನ್ನು ತರಬೇತುದಾರರನ್ನಾಗಿ ನೇಮಿಸಿತು. ಅವರಿಗೆ ನಿಗದಿಯಾದ ಸಂಬಳ ಇಡೀ ಋತುವಿಗೆ 450 ಡಾಲರು.

ಆಟಗಾರ್ತಿಯರು ಮಾತ್ರ ಕಚ್ಚಾ ಮಣ್ಣಾಗಿರಲಿಲ್ಲ. ಫಿಲಡೆಲ್ಫಿಯಾ ಮಹಾಧರ್ಮಪ್ರಾಂತದ ಧರ್ಮಕೇಂದ್ರಗಳಲ್ಲೂ ಕಥೋಲಿಕ ಪ್ರೌಢಶಾಲೆಗಳಲ್ಲೂ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಗಳು ಶಿಸ್ತಿನಿಂದ ನಡೆಯುತ್ತಿದ್ದವು. ಅಲ್ಲಿ ಆಡಿ ಬೆಳೆದವರೇ ಇಮ್ಯಾಕ್ಯುಲಟಾಕ್ಕೆ ಬಂದರು. ಅವರಲ್ಲಿ ತೆರೇಸಾ ಶ್ಯಾಂಕ್ ಎಂಬ ಎತ್ತರದ ಹುಡುಗಿ ಬೇರೆ ಕಾಲೇಜಿಗೆ ಹೋಗಬೇಕಾಗಿದ್ದವಳು. ಕುಟುಂಬದ ಮನೆ ಸುಟ್ಟುಹೋದುದರಿಂದ ಮನೆಯವರ ಸಮೀಪವೇ ಉಳಿದು, ಈ ಕಾಲೇಜನ್ನು ಸೇರಿದಳು.

ಮಹಿಳಾ ಕಾಲೇಜುಗಳ ಕ್ರೀಡಾಸಂಘವು 1972ರಲ್ಲಿ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿಯನ್ನು ಏರ್ಪಡಿಸಿತು. ಪ್ರಯಾಣಕ್ಕೆ ಹಣವಿಲ್ಲದೆ ಹುಡುಗಿಯರು ಹಲ್ಲುಜ್ಜುವ ಬ್ರಷ್‌ಗಳನ್ನು ಮಾರಿದರು. ಸಂಗ್ರಹವಾದ ಹಣ ಎಂಟು ಆಟಗಾರ್ತಿಯರಿಗೆ ಮಾತ್ರ ಸಾಕಾಯಿತು. ಉಳಿದವರು ಊರಿನಲ್ಲೇ ಉಳಿದರು. ಕೆಲದಿನಗಳ ಹಿಂದಷ್ಟೇ ವೆಸ್ಟ್ ಚೆಸ್ಟರ್ ತಂಡದೆದುರು 32 ಅಂಕಗಳಿಂದ ಸೋತಿದ್ದ ಇಮ್ಯಾಕ್ಯುಲಟಾ, ಅಂತಿಮ ಪಂದ್ಯದಲ್ಲಿ ಅದೇ ತಂಡವನ್ನು 52-48ರಿಂದ ಮಣಿಸಿ ಪ್ರಶಸ್ತಿ ಪಡೆಯಿತು. 1973 ಮತ್ತು 1974ರಲ್ಲೂ ಅದೇ ಫಲ. ಧರ್ಮಭಗಿನಿಯರು ತಮ್ಮ ನಿಲುವಂಗಿಯಲ್ಲೇ ಪ್ರೇಕ್ಷಕರ ಸಾಲಿನಲ್ಲಿ ಕುಳಿತು, ತಗಡಿನ ಬಕೆಟುಗಳನ್ನು ಬಡಿದು ಹುರಿದುಂಬಿಸುತ್ತಿದ್ದ ಸದ್ದು ಎದುರಾಳಿಗಳಿಗೂ ಪರಿಚಿತವಾಯಿತು. 1975ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಮೊದಲ ಮಹಿಳಾ ಕಾಲೇಜು ಪಂದ್ಯದಲ್ಲಿ ಈ ತಂಡ ಕ್ವೀನ್ಸ್ ಕಾಲೇಜಿನೆದುರು ಆಡಿತು. ನೋಡಲು ಬಂದವರು ಸುಮಾರು 12 ಸಾವಿರ.

ಕಾನೂನು ಬಂತು, ಹಣವೂ ಬಂತು

ಮೊದಲ ಪ್ರಶಸ್ತಿಯ ವರ್ಷವೇ, ಅಂದರೆ 1972ರ ಜೂನ್ ತಿಂಗಳಲ್ಲಿ, ಅಮೆರಿಕದಲ್ಲಿ ಒಂಬತ್ತನೇ ಶೀರ್ಷಿಕೆ ಎಂದು ಹೆಸರಾದ ಕಾನೂನು ಜಾರಿಗೆ ಬಂತು. ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳು ಲಿಂಗಭೇದ ಮಾಡಕೂಡದೆಂದು ಅದು ವಿಧಿಸಿತು. ದೊಡ್ಡ ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳ ತಂಡಗಳಿಗೆ ಹಣ ಕೊಡತೊಡಗಿದವು. 1973ರಲ್ಲಿ ಕ್ರೀಡಾ ವಿದ್ಯಾರ್ಥಿವೇತನದ ಮೇಲಿನ ನಿಷೇಧವೂ ಸಡಿಲವಾಯಿತು. ನ್ಯಾಯದ ದೃಷ್ಟಿಯಿಂದ ಇದು ದೊಡ್ಡ ಗೆಲುವು. ಆದರೆ ವಿದ್ಯಾರ್ಥಿವೇತನ ಕೊಡಲು ಶಕ್ತಿಯಿಲ್ಲದ ಇಮ್ಯಾಕ್ಯುಲಟಾಕ್ಕೆ ಒಳ್ಳೆಯ ಆಟಗಾರ್ತಿಯರು ಬರುವುದು ಕಡಿಮೆಯಾಯಿತು. 1975 ಮತ್ತು 1976ರ ಅಂತಿಮ ಪಂದ್ಯಗಳಲ್ಲಿ ಅದು ಡೆಲ್ಟಾ ಸ್ಟೇಟ್ ತಂಡಕ್ಕೆ ಸೋತಿತು. ಏಳು ವರ್ಷಗಳಲ್ಲಿ 149 ಗೆಲುವು, ಕೇವಲ 15 ಸೋಲುಗಳ ಸಾಧನೆಯೊಂದಿಗೆ ಕ್ಯಾಥಿ ರಶ್ 1977ರಲ್ಲಿ ಕಾಲೇಜನ್ನು ಬಿಟ್ಟರು. ಆಮೇಲೆ ಅವರು ಮಕ್ಕಳಿಗಾಗಿ ಬೇಸಿಗೆ ತರಬೇತಿ ಶಿಬಿರಗಳನ್ನು ನಡೆಸಿದರು.

ಹಣದ ಇನ್ನೊಂದು ಪರಿಣಾಮವೂ ಕಾಣಿಸಿತು. ಕಾನೂನು ಬರುವ ಮುನ್ನ ಕಾಲೇಜುಗಳ ಮಹಿಳಾ ತಂಡಗಳಲ್ಲಿ, ಎಲ್ಲ ಕ್ರೀಡೆಗಳನ್ನೂ ಸೇರಿಸಿ, ಶೇಕಡಾ 90ಕ್ಕೂ ಹೆಚ್ಚಿನವಕ್ಕೆ ಮಹಿಳೆಯರೇ ತರಬೇತುದಾರರಾಗಿದ್ದರು. ಸಂಬಳ ಏರಿದಂತೆ ಆ ಹುದ್ದೆಗಳಿಗೆ ಪುರುಷರೂ ಅರ್ಜಿ ಹಾಕತೊಡಗಿದರು. ಮುಂದಿನ ದಶಕಗಳಲ್ಲಿ ಮಹಿಳೆಯರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಪುರುಷರ ತಂಡಗಳ ಬಾಗಿಲು ಮಾತ್ರ ಮಹಿಳೆಯರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಸಂಬಳವಿಲ್ಲದಿದ್ದಾಗ ಹೆಂಗಸರದೆನಿಸಿದ ಕೆಲಸ, ಸಂಬಳ ಬಂದೊಡನೆ ಎಲ್ಲರದ್ದಾಯಿತು.

ಮೂವರು ಶಿಷ್ಯೆಯರು, ಮೂರು ದಾರಿಗಳು

ಕ್ಯಾಥಿ ರಶ್ ಅವರ ತಂಡದಿಂದ ಹಲವರು ತರಬೇತುದಾರರಾದರು. ಅವರಲ್ಲಿ ಮೂವರ ಬದುಕು ಗಮನಾರ್ಹ.

ತೆರೇಸಾ ಶ್ಯಾಂಕ್ ವಿವಾಹಾನಂತರ ತೆರೇಸಾ ಗ್ರೆಂಟ್ಜ್ ಆದರು. 1974ರಲ್ಲಿ ಪದವಿ ಮುಗಿಸಿ ಶಾಲೆಯೊಂದರಲ್ಲಿ ಅಧ್ಯಾಪಕಿಯಾಗಿದ್ದುಕೊಂಡು, ಬಿಡುವಿನ ವೇಳೆಯಲ್ಲಿ ಸೇಂಟ್ ಜೋಸೆಫ್ಸ್ ತಂಡಕ್ಕೆ ತರಬೇತಿ ನೀಡಿದರು. 1976ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯ ಅವರನ್ನು ಪೂರ್ಣಾವಧಿಗೆ ನೇಮಿಸಿತು. ಇಂತಹ ಪೂರ್ಣಾವಧಿ ಹುದ್ದೆ ಪಡೆದ ದೇಶದ ಮೊದಲಿಗರಲ್ಲಿ ಅವರೊಬ್ಬರು. ಅಲ್ಲಿ 1982ರಲ್ಲಿ ರಾಷ್ಟ್ರೀಯ ಪ್ರಶಸ್ತಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳಾ ತಂಡದ ಮುಖ್ಯ ತರಬೇತುದಾರರಾಗಿ ಕಂಚಿನ ಪದಕ. ಬಳಿಕ 1995ರಿಂದ 2007ರವರೆಗೆ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸೇವೆ.

ಮೇರಿಯಾನ್ ಕ್ರಾಫರ್ಡ್, ಮುಂದೆ ಮೇರಿಯಾನ್ ಸ್ಟಾನ್ಲಿ, 1977ರಲ್ಲಿ 23ರ ಹರೆಯದಲ್ಲೇ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾನಿಲಯದ ಮುಖ್ಯ ತರಬೇತುದಾರರಾಗಿ 1979, 1980 ಮತ್ತು 1985ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1989ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಬಂದರು. ನಾಲ್ಕು ವರ್ಷಗಳ ಬಳಿಕ ಒಪ್ಪಂದ ನವೀಕರಿಸುವ ಸಂದರ್ಭದಲ್ಲಿ, ಅಲ್ಲಿನ ಪುರುಷರ ತಂಡದ ತರಬೇತುದಾರರಿಗೆ ಸಿಗುವಷ್ಟೇ ಸಂಬಳ ತಮಗೂ ಬೇಕೆಂದು ಕೇಳಿದರು. ಒಪ್ಪಂದ ಕುದುರಲಿಲ್ಲ; ಹುದ್ದೆ ಹೋಯಿತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಪುರುಷ ತರಬೇತುದಾರರ ಅನುಭವ ಮತ್ತು ಅರ್ಹತೆ ಹೆಚ್ಚಿನದೆಂಬ ಕಾರಣ ನೀಡಿ 1999ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಶ್ವವಿದ್ಯಾನಿಲಯದ ಪರವಾಗಿ ತೀರ್ಪಿತ್ತಿತು. ಹೆಣ್ಣುಮಕ್ಕಳಿಗೆ ಈ ವೃತ್ತಿಯ ಏಣಿಯೇ ಇಲ್ಲದಿದ್ದ ಕಾಲದಲ್ಲಿ ಬೆಳೆದವರಿಗೆ ಪುರುಷರಷ್ಟು ದೀರ್ಘ ಅನುಭವ ಎಲ್ಲಿಂದ ಬರಬೇಕು? ಈ ಪ್ರಶ್ನೆ ಇಂದಿಗೂ ಉಳಿದಿದೆ. ಎರಡು ಋತುಗಳ ಕಾಲ ಸ್ಟಾನ್ಲಿಯವರಿಗೆ ತಂಡವಿರಲಿಲ್ಲ. ಆಮೇಲೆ ಸ್ಟಾನ್‌ಫರ್ಡ್‌ನಲ್ಲಿ ಒಂದು ವರ್ಷ ಜಂಟಿ ತರಬೇತುದಾರರಾಗಿ, ಬಳಿಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ಕೊನೆಗೆ ವೃತ್ತಿಪರ ಮಹಿಳಾ ಲೀಗಿನಲ್ಲಿ ಅವರು ಮತ್ತೆ ನೆಲೆ ಕಂಡರು. 2002ರಲ್ಲಿ ಆ ಲೀಗಿನ ವರ್ಷದ ತರಬೇತುದಾರರೆಂಬ ಗೌರವ ಅವರಿಗೆ ಸಂದಿತು.

ಮೂರನೆಯವರು ರೀನ್ ಪೋರ್ಟ್‌ಲ್ಯಾಂಡ್. ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 1980ರಿಂದ 27 ವರ್ಷ ತರಬೇತಿ ನೀಡಿ ತಂಡವನ್ನು 2000ದಲ್ಲಿ ಅಂತಿಮ ನಾಲ್ಕರ ಹಂತಕ್ಕೆ ಒಯ್ದರು. ಆದರೆ ಸಲಿಂಗಿಯೆಂಬ ಶಂಕೆಯಿಂದ ಆಟಗಾರ್ತಿಯೊಬ್ಬಳಿಗೆ ಸಹಿಸಲಾಗದ ವಾತಾವರಣವನ್ನು ನಿರ್ಮಿಸಿದರೆಂದು ವಿಶ್ವವಿದ್ಯಾನಿಲಯದ ತನಿಖೆ 2006ರಲ್ಲಿ ತೀರ್ಮಾನಿಸಿ ಅವರಿಗೆ 10 ಸಾವಿರ ಡಾಲರು ದಂಡ ವಿಧಿಸಿತು. ಮರುವರ್ಷ ಅವರು ರಾಜೀನಾಮೆ ನೀಡಿದರು. ತರಬೇತುದಾರರ ಕೈಯಲ್ಲಿ ಎಳೆಯರ ಭವಿಷ್ಯವಿರುತ್ತದೆ. ಆ ಅಧಿಕಾರ ಒಬ್ಬಳನ್ನು ಎತ್ತಿ ನಿಲ್ಲಿಸಬಲ್ಲುದು, ಇನ್ನೊಬ್ಬಳನ್ನು ಹೊರದೂಡಲೂ ಬಲ್ಲುದು. ಈ ವೃತ್ತಿಯನ್ನು ಹೊಗಳುವಾಗ ಇದನ್ನು ಮರೆಮಾಚುವುದು ಸಲ್ಲದು.

ಉಳಿದ ಪಾಠ

ಗ್ರೆಂಟ್ಜ್ ಮತ್ತು ಸ್ಟಾನ್ಲಿ ಇಬ್ಬರೂ 2022ರಲ್ಲಿ ನೈಸ್ಮಿತ್ ಬಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಸೇರ್ಪಡೆಯಾದರು. ಅವರ ಗುರು ಕ್ಯಾಥಿ ರಶ್ 2008ರಲ್ಲೂ, ಇಮ್ಯಾಕ್ಯುಲಟಾದ ಆ ಮೂರು ವರ್ಷಗಳ ತಂಡ 2014ರಲ್ಲೂ ಅದೇ ಗೌರವ ಪಡೆದಿದ್ದವು. ಫಿಲಡೆಲ್ಫಿಯಾದಲ್ಲೇ ಹುಟ್ಟಿ, ಅಲ್ಲಿನ ಟೆಂಪಲ್ ವಿಶ್ವವಿದ್ಯಾನಿಲಯದಲ್ಲಿ ತರಬೇತಿ ಆರಂಭಿಸಿದ ಡಾನ್ ಸ್ಟೇಲಿ ಅವರಿಗೆ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾನಿಲಯ 2025ರ ಜನವರಿಯಲ್ಲಿ ಒಪ್ಪಿಕೊಂಡ ಸಂಬಳ ವರ್ಷಕ್ಕೆ ಸುಮಾರು 40 ಲಕ್ಷ ಡಾಲರು. 450 ಡಾಲರಿನಿಂದ ಇಲ್ಲಿಗೆ ತಲುಪಲು 55 ವರ್ಷಗಳು ಬೇಕಾದವು. ಕೇಳಿದವರಲ್ಲಿ ಕೆಲವರು ಹುದ್ದೆ ಕಳೆದುಕೊಂಡ ಬಳಿಕವಷ್ಟೇ ಕೊಡುವವರು ಕೊಡಲು ಕಲಿತರು.

ನಮ್ಮ ಕಾನ್ವೆಂಟ್ ಶಾಲೆಗಳ ಅಂಗಳದಲ್ಲೂ ಬಾಸ್ಕೆಟ್‌ಬಾಲ್ ಕಂಬಗಳಿವೆ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೂ ಸೀಟಿ ಹಿಡಿದು ನಿಲ್ಲುವ ಶಿಕ್ಷಕಿಯರೂ ಇದ್ದಾರೆ. ಮಗಳು ಪದಕ ತಂದಾಗ ನಾವು ಅವಳ ಬೆನ್ನು ತಟ್ಟುತ್ತೇವೆ. ಅವಳೇ ನಾಳೆ ಬಂದು, ಆಟ ಕಲಿಸುವುದನ್ನೇ ಬದುಕಿನ ವೃತ್ತಿ ಮಾಡಿಕೊಳ್ಳುತ್ತೇನೆಂದರೆ ಎಷ್ಟು ಮಂದಿ ತಂದೆತಾಯಂದಿರು ಒಪ್ಪಿಯಾರು? ಒಪ್ಪಬೇಕಾದರೆ ಆ ವೃತ್ತಿಗೆ ನ್ಯಾಯವಾದ ಸಂಬಳ ಮತ್ತು ಮುಂದಿನ ಮೆಟ್ಟಿಲು ಇರಬೇಕು. ಇಮ್ಯಾಕ್ಯುಲಟಾದ ಧರ್ಮಭಗಿನಿಯರ ಬಳಿ ಹಣವಿರಲಿಲ್ಲ. ಇದ್ದುದರಲ್ಲೇ ಒಬ್ಬ ಯುವತಿಯನ್ನು ನಂಬಿ ತಂಡವನ್ನು ಒಪ್ಪಿಸಿದರು, ಪ್ರತಿ ಪಂದ್ಯಕ್ಕೂ ಬಂದು ಕುಳಿತರು. ನಮ್ಮ ಶಾಲೆಗಳ ಆಡಳಿತ ಮಂಡಳಿಗಳೂ ಶಿಕ್ಷಕ-ರಕ್ಷಕ ಸಂಘಗಳೂ ಮುಂದಿನ ಸಭೆಯಲ್ಲಿ ಒಂದು ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಲಿ: ನಮ್ಮ ಮಕ್ಕಳಿಗೆ ಆಟ ಕಲಿಸುವವರಿಗೆ ನಾವು ಏನು ಕೊಡುತ್ತಿದ್ದೇವೆ?