ಆಟ ಕಟ್ಟುವವನ ಪರವಾನಿಗೆ

ಚೌಕಾಬಾರದ ಆಟಕ್ಕೆ ಬೇಕಾಗುವ ಸಾಮಗ್ರಿ ಬಹು ಸ್ವಲ್ಪ. ನೆಲದ ಮೇಲೆ ಐದೈದರಂತೆ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಇಷ್ಟಾದರೆ ಸಾಕು. ಇದನ್ನು ಮೊದಲು ಕಟ್ಟಿದವನ ಹೆಸರು ಉಳಿದಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಮಕ್ಕಳು ಇದನ್ನು ಆಡಿಕೊಂಡು ಬಂದಿದ್ದಾರೆ. ಆದರೆ ಇದೇ ಆಟವನ್ನು ಗಣಕಯಂತ್ರಕ್ಕೆ ಏರಿಸಹೊರಟೊಡನೆ ಅಪ್ಪಣೆಯ ಪ್ರಶ್ನೆ ತಲೆಯೆತ್ತುತ್ತದೆ. ಆ ಪ್ರಶ್ನೆಯ ಸ್ವರೂಪವೇನೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಒಬ್ಬ ತರುಣನಿದ್ದಾನೆಂದು ಇಟ್ಟುಕೊಳ್ಳಿರಿ. ಹಗಲು ಅವನಿಗೆ ಉದ್ಯೋಗ, ರಾತ್ರಿ ಹವ್ಯಾಸ. ಅವನು ಒಂದು ಆಟವನ್ನಲ್ಲ, ಆಟಗಳನ್ನು ಕಟ್ಟುವ ಉಪಕರಣವನ್ನೇ ರಚಿಸಬೇಕೆಂದಿದ್ದಾನೆ. ಶಾಲೆಯ ಮಕ್ಕಳು ‘ಕವಡೆ ಎಸೆ’, ‘ಕಾಯಿ ಸರಿಸು’ ಎಂದು ಕನ್ನಡದಲ್ಲಿಯೇ ಬರೆದರೆ ಆಟ ರೂಪುಗೊಳ್ಳಬೇಕೆಂಬುದು ಅವನ ಆಶೆ. ಮೂರು ನಾಲ್ಕು ವರ್ಷಗಳ ಬಿಡುವೆಲ್ಲ ಅದಕ್ಕೇ ಮೀಸಲು. ಹೀಗಿರಲು ಅವನಿಗೆ ಒಂದು ಸಂಶಯ ಬರುವುದು ಸಹಜ: ನಾನು ಬಳಸುವ ಪ್ರೋಗ್ರಾಮಿಂಗ್ ಭಾಷೆಗೆ ಒಡೆಯನೊಬ್ಬನಿದ್ದರೆ, ನಾಳೆ ನನ್ನ ಶ್ರಮಕ್ಕೂ ಅವನೇ ಒಡೆಯನಾದಾನೆ?

ಇದಕ್ಕೆ ಉತ್ತರ ಹುಡುಕಲು ನಮ್ಮ ವ್ಯಾಕರಣವನ್ನೇ ನೆನೆಯಬಹುದು. ೧೩ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದನು. ಗ್ರಂಥ ಅವನದು, ವಿಭಕ್ತಿ ಪ್ರತ್ಯಯಗಳು ಅವನವಲ್ಲ. ಅವುಗಳನ್ನು ಬಳಸಿ ಕಾವ್ಯ ಬರೆದವನು ಕೇಶಿರಾಜನಿಗೆ ಕಪ್ಪಕಾಣಿಕೆ ಒಪ್ಪಿಸಬೇಕಾಗಿರಲಿಲ್ಲ. ಗಣಕದ ಭಾಷೆಯಲ್ಲಿಯೂ ಹೀಗೆಯೇ ಎರಡು ವಸ್ತುಗಳುಂಟು. ಒಂದು, ಭಾಷೆಯ ನಿಯಮಗಳು. ಇನ್ನೊಂದು, ಆ ನಿಯಮಗಳಂತೆ ಬರೆದುದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಮೊದಲಾದ ಸಿದ್ಧ ಕೃತಿಗಳು. ೨೦೧೨ರಲ್ಲಿ ಯುರೋಪಿನ ಒಕ್ಕೂಟದ ನ್ಯಾಯಾಲಯವು, ಪ್ರೋಗ್ರಾಮಿಂಗ್ ಭಾಷೆಗೆ ಪ್ರೋಗ್ರಾಮಿನ ಕೃತಿಸ್ವಾಮ್ಯದಡಿ ರಕ್ಷಣೆಯಿಲ್ಲವೆಂದು ಹೇಳಿತು. ಆದರೆ ಎಲ್ಲೆಡೆಯೂ ಮಾತು ಇಷ್ಟು ಸರಳವಾಗಿ ಮುಗಿದಿಲ್ಲ. ಜಾವಾ ಭಾಷೆಯ ಸುಮಾರು ೧೧,೫೦೦ ಸಾಲುಗಳನ್ನು ಗೂಗಲ್ ಬಳಸಿಕೊಂಡಿತೆಂದು ಒರಾಕಲ್ ಸಂಸ್ಥೆ ೨೦೧೦ರಲ್ಲಿ ಹೂಡಿದ ದಾವೆ ೨೦೨೧ರ ಏಪ್ರಿಲಿನವರೆಗೂ ನಡೆಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ಬಳಕೆ ನ್ಯಾಯವಾದುದೆಂದು ತೀರ್ಪಿತ್ತಿತು. ಆ ಸಾಲುಗಳಿಗೆ ಸ್ವಾಮ್ಯವುಂಟೋ ಇಲ್ಲವೋ ಎಂಬುದನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿತು.

ನಮ್ಮ ದೇಶದ ಕಾಯಿದೆ ಏನು ಹೇಳುತ್ತದೆ? ೧೯೫೭ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ೧೯೮೪ರಲ್ಲಾದ ತಿದ್ದುಪಡಿಯಿಂದ ಗಣಕದ ಪ್ರೋಗ್ರಾಮೂ ‘ಸಾಹಿತ್ಯ ಕೃತಿ’ಯೆನಿಸಿತು. ಸಾಹಿತ್ಯದ ಅಧ್ಯಾಪಕರಿಗೆ ಇದು ಕೌತುಕದ ಸಂಗತಿ: ಕಾದಂಬರಿ ಕವಿತೆಗಳ ಪಂಕ್ತಿಯಲ್ಲಿಯೇ ಪ್ರೋಗ್ರಾಮಿಗೂ ಎಲೆ ಹಾಕಲಾಗಿದೆ. ಕರ್ತೃವಿನ ಜೀವಮಾನವೂ ಆಮೇಲೆ ೬೦ ವರ್ಷವೂ ಅದಕ್ಕೆ ರಕ್ಷಣೆ. ಆದರೆ ಕೇವಲ ಕಲ್ಪನೆಗೆ ಈ ಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೭೮ರಲ್ಲಿ ಸ್ಪಷ್ಟಪಡಿಸಿದೆ. ಪೇಟೆಂಟ್ ಅಧಿನಿಯಮದ ೩ನೆಯ ಕಲಮಿನ ಪ್ರಕಾರ ಆಟವಾಡುವ ವಿಧಾನವು ಪೇಟೆಂಟಿಗೆ ಅರ್ಹವಾದ ಆವಿಷ್ಕಾರವೇ ಅಲ್ಲ. ಆದುದರಿಂದ ಚೌಕಾಬಾರದ ನಿಯಮಗಳು ಎಲ್ಲರವು. ಮತ್ತೊಬ್ಬರು ಅದಕ್ಕಾಗಿ ಬರೆದ ಪ್ರೋಗ್ರಾಮು, ಬಿಡಿಸಿದ ಚಿತ್ರ, ನುಡಿಸಿದ ನಾದ ಅವರವರವು.

ಇನ್ನು ಉಪಕರಣ ಕಟ್ಟುವವನು ವಿಶೇಷವಾಗಿ ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಖಾನಾಪುರದ ಕುಂಬಾರಿಕೆ ಹೆಸರಾದುದು. ಅಲ್ಲಿ ಗಡಿಗೆ ಕೊಂಡವನು ತಿಗರಿಯನ್ನು ಮನೆಗೊಯ್ಯುವುದಿಲ್ಲ. ಮಣ್ಣು ಮಾತ್ರ ಗಡಿಗೆಯೊಡನೆ ಹೋಗುತ್ತದೆ. ಆಟ ಕಟ್ಟುವ ಉಪಕರಣದಲ್ಲಿಯೂ ಒಂದು ತಿಗರಿ, ಒಂದು ಮಣ್ಣು ಇವೆ. ಚಿತ್ರ ಜೋಡಿಸುವ, ನಿಯಮ ಬರೆಯುವ ಭಾಗ ತಿಗರಿಯಂತೆ ಕಟ್ಟುವವನಲ್ಲಿಯೇ ನಿಲ್ಲುತ್ತದೆ. ಆಟವನ್ನು ಓಡಿಸುವ ಯಂತ್ರಭಾಗವಾದರೋ ಪ್ರತಿಯೊಂದು ಆಟದೊಳಗೂ ಸೇರಿಕೊಂಡು ಊರೂರಿಗೆ ಹೋಗುತ್ತದೆ. ಅದರೊಡನೆ ಅದರ ಪರವಾನಿಗೆಯೂ ಹೋಗುತ್ತದೆ. ಬೈಸನ್ ಎಂಬ ಉಪಕರಣದಲ್ಲಿ ಈ ತೊಡಕು ಹಿಂದೆಯೇ ಕಾಣಿಸಿಕೊಂಡಿತ್ತು. ಅದರದೇ ಒಂದು ಭಾಗ ಅದು ಹುಟ್ಟಿಸಿದ ಕಡತದಲ್ಲಿ ಸೇರಿಹೋಗುತ್ತಿದ್ದುದರಿಂದ, ಬಳಸಿದವರಿಗೆಲ್ಲ ಅದರ ಷರತ್ತು ಅಂಟಿಕೊಳ್ಳುತ್ತಿತ್ತು. ಕೊನೆಗೆ ಕರ್ತೃಗಳೇ ಒಂದು ವಿನಾಯಿತಿಯನ್ನು ಬರೆದು ಸೇರಿಸಿದರು.

ಪರವಾನಿಗೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಉದಾರವಾದುದು: ಕರ್ತೃವಿನ ಹೆಸರನ್ನೂ ಸೂಚನೆಯನ್ನೂ ಅಳಿಸದಿದ್ದರೆ ಸಾಕು, ಹೇಗಾದರೂ ಬಳಸಿರಿ ಎಂಬುದು. ಎಂಐಟಿ ಪರವಾನಿಗೆ ಇಂಥದು. ಬ್ರೆಜಿಲ್ ದೇಶದಲ್ಲಿ ೧೯೯೩ರಲ್ಲಿ ಹುಟ್ಟಿ, ಅನೇಕ ಆಟಗಳಲ್ಲಿ ಬಳಕೆಗೆ ಬಂದ ಲುವಾ ಭಾಷೆ ೨೦೦೩ರಿಂದ ಇದರಡಿಯಲ್ಲಿದೆ. ಎರಡನೆಯದು ಜಿಪಿಎಲ್, ೧೯೮೯ರದು. ಪಡೆದುದನ್ನು ಸೇರಿಸಿ ಕಟ್ಟಿದ ಕೃತಿಯನ್ನು ಹಂಚುವಾಗ ಮೂಲ ಬರಹವನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆಂಬುದು ಇದರ ಕಟ್ಟಳೆ. ಮೂರನೆಯದು ಒಡೆಯನಿರುವ ಖಾಸಗಿ ಪರವಾನಿಗೆ.

ಮೂರನೆಯದರ ಅಪಾಯ ೨೦೨೩ರಲ್ಲಿ ಬೆಳಕಿಗೆ ಬಂದಿತು. ಯೂನಿಟಿ ಎಂಬ ಪ್ರಸಿದ್ಧ ಉಪಕರಣದ ಸಂಸ್ಥೆಯು ಆ ವರ್ಷದ ಸೆಪ್ಟೆಂಬರ ೧೨ರಂದು, ಒಂದು ಮಿತಿಯನ್ನು ದಾಟಿದ ಆಟಗಳಿಗೆ ಪ್ರತಿ ಸ್ಥಾಪನೆಗೂ ಶುಲ್ಕವೆಂದು ಸಾರಿತು. ವರ್ಷಗಳ ಹಿಂದೆಯೇ ಕಟ್ಟಿ ಮುಗಿಸಿದ್ದವರೂ ಬೆಚ್ಚಿಬಿದ್ದರು. ಪ್ರತಿಭಟನೆಯ ಮೇಲೆ ಹತ್ತೇ ದಿನಗಳಲ್ಲಿ ಷರತ್ತು ಸಡಿಲಾಯಿತು. ೨೦೨೪ರ ಸೆಪ್ಟೆಂಬರದಲ್ಲಿ ಆ ಶುಲ್ಕವನ್ನೇ ಕೈಬಿಡಲಾಯಿತು. ಆದರೆ ಅಷ್ಟರಲ್ಲಿ ಹಲವರು ೨೦೧೪ರಿಂದ ಎಂಐಟಿ ಪರವಾನಿಗೆಯಡಿ ದೊರೆಯುವ ಗೊಡೋ ಎಂಬ ಉಪಕರಣದತ್ತ ಹೊರಳಿದ್ದರು.

ಹಾಗಾದರೆ ನಮ್ಮ ತರುಣನು ಏನು ಮಾಡಬೇಕು? ಆಟದೊಳಗೆ ಸೇರುವ ಭಾಗಕ್ಕೆ ಉದಾರ ಪರವಾನಿಗೆಯ ಭಾಷೆಯನ್ನೂ ಸಾಮಗ್ರಿಯನ್ನೂ ಆರಿಸಿಕೊಳ್ಳಬೇಕು. ಕನ್ನಡ ಅಕ್ಷರದ ಅಚ್ಚುಗಳಿಗೂ ಪರವಾನಿಗೆಯುಂಟೆಂಬುದನ್ನು ಮರೆಯಬಾರದು. ನೋಟೋ ಕನ್ನಡದಂಥ ಮುಕ್ತ ಅಚ್ಚುಗಳನ್ನು ಆಟದೊಡನೆ ಕೊಡಬಹುದು. ಎರವಲು ತಂದುದೆಲ್ಲದರ ಪಟ್ಟಿಯೊಂದನ್ನು ಮೊದಲ ದಿನದಿಂದಲೇ ಬರೆದಿಡಬೇಕು. ತನ್ನ ಉದ್ಯೋಗದ ಕರಾರನ್ನೂ ಒಮ್ಮೆ ಓದಬೇಕು. ಏಕೆಂದರೆ ಬೇರೆ ಒಪ್ಪಂದವಿಲ್ಲದಿದ್ದರೆ ನೌಕರಿಯ ಅಂಗವಾಗಿ ರಚಿಸಿದ ಕೃತಿಗೆ ನಮ್ಮ ಕಾಯಿದೆಯಂತೆ ಧಣಿಯೇ ಮೊದಲ ಸ್ವಾಮಿ.

ಇವೆಲ್ಲಕ್ಕಿಂತ ಮುಖ್ಯವಾದುದು, ತನ್ನ ಕೃತಿಗೆ ತಾನೇ ಒಂದು ಪರವಾನಿಗೆಯನ್ನು ಬರೆದಿಡುವುದು. ಏನನ್ನೂ ಬರೆಯದೆ ಬಿಟ್ಟರೆ ಅದು ಎಲ್ಲರ ಸ್ವತ್ತಾಗುತ್ತದೆಂದು ಹಲವರು ತಿಳಿದಿದ್ದಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧ: ಅಪ್ಪಣೆ ಕೊಡದಿದ್ದರೆ ನಕಲು ಮಾಡಿ ಹಂಚಲು ಯಾರಿಗೂ ಹಕ್ಕಿಲ್ಲ. ಕರ್ತೃವಿನ ಕೈ ನಿಂತ ದಿನ ಉಪಕರಣವೂ ನಿಲ್ಲುತ್ತದೆ. ಅದನ್ನು ತಿದ್ದಿ ಮುಂದುವರಿಸಬಯಸುವ ಕನ್ನಡದ ಇನ್ನೊಬ್ಬ ಹುಡುಗನ ಕೈ ಕಟ್ಟಿದಂತಾಗುತ್ತದೆ. ನಾಲ್ಕು ಸಾಲಿನ ಒಂದು ಅಪ್ಪಣೆಯಿಂದ ನಾಲ್ಕು ವರ್ಷದ ಶ್ರಮ ಮುಂದಿನವರಿಗೆ ದಕ್ಕುವುದಾದರೆ, ಆ ಸಾಲುಗಳನ್ನು ಬರೆಯುವುದಕ್ಕೆ ಯಾರೂ ಆಲಸ್ಯಪಡಬಾರದು.